ಮೂರನೇ ಗಣಿ ಮೈದಾನದ ಮೈಕು

ನನ್ನ ದನಿ ಕೇಳದೆ ಹಾಲ್ಟರ್‌ಬೆಕ್‌ನಲ್ಲಿ ಒಂದು ಗೋಲೂ ಗೋಲಾಗುವುದಿಲ್ಲ. ಜಂಬ ಅನ್ನಿ, ಕೊಬ್ಬು ಅನ್ನಿ, ನನಗೇನೂ ಬೇಜಾರಿಲ್ಲ. ಇರುವ ವಿಷಯ ಹೇಳುತ್ತಿದ್ದೇನೆ. ಚೆಂಡು ಬಲೆಗೆ ಬಿದ್ದ ಮೇಲೆ ರೆಫ್ರಿ ಸೀಟಿ ಊದಬೇಕು, ಆಮೇಲೆ ಮೂರನೇ ಗಣಿ ಮೈದಾನದ ಮೈಕಿನಲ್ಲಿ ಈ ಮಾರ್ಲೀಸ್ ಕೊಸ್ಲೊವ್ಸ್ಕಿ ಬಾಯಿ ತೆರೆಯಬೇಕು. ಹೊಡೆದವನ ಹೆಸರು ಮಾತ್ರ ನಾನು ಕೂಗುತ್ತೇನೆ, ಅವನ ಮನೆತನದ ಹೆಸರನ್ನು ಜನ ಕೂಗುತ್ತಾರೆ. ನಾನು "ಓಕ್ತಾಯ್!" ಅಂದರೆ ಅವರು "ದುರ್ಮಾಜ್!" ಮತ್ತೆ "ಓಕ್ತಾಯ್!" ಮತ್ತೆ "ದುರ್ಮಾಜ್!" ಆಮೇಲೆ ನಾನು "ಹಾಲ್ಟರ್‌ಬೆಕ್?" ಎಂದು ಕೇಳುತ್ತೇನೆ, ಅವರು "ಒಂದು!" ಅನ್ನುತ್ತಾರೆ. "ಬಂದವರು?" ಅಂದರೆ "ಸೊನ್ನೆ!" ಬಂದವರು ಅಷ್ಟರಲ್ಲಿ ನಾಲ್ಕು ಜಡಿದಿದ್ದರೂ ನಮ್ಮ ಲೆಕ್ಕದಲ್ಲಿ ಸೊನ್ನೆಯೇ. ಕೊನೆಗೆ ನಾನು "ಥ್ಯಾಂಕ್ಸ್!" ಅನ್ನುತ್ತೇನೆ, ಇಡೀ ಮೈದಾನ ಒಂದೇ ಗಂಟಲಲ್ಲಿ "ಇರ್ಲಿ ಬಿಡಿ!" ಅನ್ನುತ್ತದೆ.

ಈ "ಇರ್ಲಿ ಬಿಡಿ" ನಮ್ಮ ಊರಿನವರ ರಕ್ತಕ್ಕೇ ಇಳಿದುಬಿಟ್ಟಿದೆ. ಬೇಕರಿಯಲ್ಲಿ ಯಾರಾದರೂ ಸ್ವಲ್ಪ ಜೋರಾಗಿ ಥ್ಯಾಂಕ್ಸ್ ಅಂದರೆ ಸಾಲಿನಲ್ಲಿ ನಿಂತ ಎಲ್ಲರೂ ಗೊತ್ತಿಲ್ಲದೆ "ಇರ್ಲಿ ಬಿಡಿ!" ಎಂದು ಗುಡುಗುತ್ತಾರೆ. ಒಮ್ಮೆ ಚರ್ಚಿನಲ್ಲಿ ಹೊಸ ಪಾದ್ರಿಗಳು ಪ್ರವಚನ ಮುಗಿಸಿ ಥ್ಯಾಂಕ್ಸ್ ಹೇಳಿದ್ದಕ್ಕೆ ಹಿಂದಿನ ಬೆಂಚುಗಳಿಂದ ಇದೇ ಉತ್ತರ ಬಂತು. ಪಾಪ, ಆ ಮನುಷ್ಯ ಹೆದರಿ ಪುಸ್ತಕ ಬೀಳಿಸಿಕೊಂಡರು.

ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು. ಗಣಿಯ ಜೊತೆ ಸ್ನಾನದ ಮನೆ, ಸಿನಿಮಾ, ರೈಲು ನಿಲ್ಲುವುದು, ಎಲ್ಲ ಹೋಯಿತು. ಉಳಿದದ್ದು ಫುಟ್‌ಬಾಲ್ ಕ್ಲಬ್ಬು. ಅದು ಯಾರೋ ಸಾಹುಕಾರನ ಕ್ಲಬ್ಬಲ್ಲ. ವರ್ಷದ ಚಂದಾ ಕಟ್ಟಿದ ಪ್ರತಿಯೊಬ್ಬರೂ ಅದರ ಒಡೆಯರು. ಅಧ್ಯಕ್ಷನಿಗೂ ಒಂದೇ ಓಟು, ಸಾಸೇಜು ಹುರಿಯುವವನಿಗೂ ಒಂದೇ ಓಟು. ಬೇರೆ ದೇಶದ ಕ್ಲಬ್ಬುಗಳನ್ನು ತೈಲದ ದೊರೆಗಳೂ ಷೇರುಪೇಟೆಯವರೂ ಕೊಂಡು ಆಟಿಕೆ ಮಾಡಿಕೊಂಡ ಸುದ್ದಿ ಟೀವಿಯಲ್ಲಿ ಬಂದಾಗ ನಾವು ಕಾಲ ಮೇಲೆ ಕಾಲು ಹಾಕಿಕೊಂಡು ನೋಡುತ್ತಿದ್ದೆವು. ನಮ್ಮನ್ನು ಕೊಳ್ಳುವುದಿದ್ದರೆ ಮೊದಲು ನಮ್ಮನ್ನೇ ಕೇಳಬೇಕಲ್ಲ!

ಹೋದ ವರ್ಷ ನಮ್ಮ ಹುಡುಗರು ದೇಶದ ಕಪ್ ಗೆದ್ದರು. ಕಪ್ ಗೆದ್ದವರಿಗೆ ಯೂರೋಪಿನ ಪಂದ್ಯಾವಳಿಯಲ್ಲಿ ಜಾಗ. ಅಂದರೆ ಲಿಸ್ಬನ್, ಮಿಲಾನ್, ಗ್ಲಾಸ್ಗೊ ಕಡೆಯ ಗಂಡುಗಳು ನಮ್ಮ ಮಸಿ ಹಿಡಿದ ಊರಿಗೆ ಬಂದು ಆಡಬೇಕು. ನಾನು ಅತ್ತೆ. ನಮ್ಮ ಅಧ್ಯಕ್ಷ ವಿನ್‌ಫ್ರೀಡ್ ಪಾವ್ಲಾಕ್ ಕೂಡ ಅತ್ತ. ವಿನ್‌ಫ್ರೀಡ್ ಮತ್ತು ನಾನು ಒಂದೇ ಓಣಿಯಲ್ಲಿ ಬೆಳೆದವರು, ಇಬ್ಬರ ಅಪ್ಪಂದಿರೂ ಒಂದೇ ಸುರಂಗದಲ್ಲಿ ಇಳಿದವರು. ಕ್ಲಬ್ಬು ದಿವಾಳಿಯ ಅಂಚಿಗೆ ಹೋದಾಗ ಮನೆ ಮನೆ ಬಾಗಿಲು ತಟ್ಟಿ ಅದನ್ನು ಉಳಿಸಿದವನು ಅವನು. ಅವನ ಮೇಲೆ ನನಗೆ ಎಷ್ಟು ಸಿಟ್ಟು ಬಂದರೂ ಈ ಮಾತನ್ನು ಮರೆಯಲಾರೆ.

ಮೊದಲ ಪಂದ್ಯಕ್ಕೆ ವಾರವಿರುವಾಗ ಯೂರೋಪಿನ ಸಂಘಟಕರ ಕಡೆಯವರು ಬಂದರು. ಅವರ ಮುಖ್ಯಸ್ಥೆ ಸೆಲೀನ್ ಎಂಬ ಸ್ವಿಟ್ಜರ್ಲೆಂಡಿನ ಹೆಂಗಸು. ಬಹಳ ಸಭ್ಯಳು, ಅದೇ ತೊಂದರೆ. ಜಗಳಕ್ಕೆ ಹಿಡಿಯಲು ಒಂದು ಮೂಲೆಯೂ ಸಿಗಲಿಲ್ಲ. ಅವಳ ಹಿಂದೆ ಕಪ್ಪು ಟೇಪಿನ ಸುರುಳಿ ಹಿಡಿದ ನಾಲ್ಕಾರು ಜನ. ಪಂದ್ಯಾವಳಿಗೆ ದುಡ್ಡು ಕೊಟ್ಟ ಕಂಪನಿಗಳನ್ನು ಬಿಟ್ಟು ಬೇರೆ ಯಾವ ಕಂಪನಿಯ ಹೆಸರೂ ಮೈದಾನದಲ್ಲಿ ಕಾಣಬಾರದಂತೆ. ನಮ್ಮ ಬಿಯರಿನ ಹಲಗೆಗೆ ಟೇಪು. ಕಾಫಿ ಯಂತ್ರಕ್ಕೆ ಟೇಪು. ಪಾಯಿಖಾನೆಯ ಕೈ ಒಣಗಿಸುವ ಡಬ್ಬಿಗೂ ಟೇಪು. ಜನ ನಿಂತು ಆಟ ನೋಡುವ ದಕ್ಷಿಣ ಕಟ್ಟೆಯ ಕೆಳಗೆ ಟ್ರೂಡೆ ಗ್ರೋಟೆ ತಲೆತಲಾಂತರದಿಂದ ಬಟಾಣಿ ಸೂಪು ಮಾರುತ್ತಾಳೆ. ಅವಳ ಸೂಪಿನ ಪಾತ್ರೆಯ ತಳವನ್ನು ಒಬ್ಬ ಎತ್ತಿ ನೋಡಿದ.

"ಏನ್ ಹುಡುಕ್ತಿದೀಯಪ್ಪಾ ಅಲ್ಲಿ?" ಎಂದಳು ಟ್ರೂಡೆ.

"ಪಾತ್ರೆ ಕಂಪನಿ ಹೆಸರು ಇದೆಯಾ ಅಂತ."

"ನನ್ನ ಕೆಳಗಡೆ ದವಡೆ ಹಲ್ಲಲ್ಲೂ ಡಾಕ್ಟ್ರು ಕಂಪನಿ ಹೆಸರು ಕೊರೆದಿದಾರೋ ಏನೋ. ಬಾ, ಬಾಯಿ ತೆಗೀತೀನಿ, ಟೇಪ್ ಹಚ್ಚು."

ನಗೆಯೇನೋ ಬಂತು. ಆದರೆ ಟ್ರೂಡೆಯ ಸೂಪು ಪಂದ್ಯದ ದಿನ ಮಾರುವಂತಿರಲಿಲ್ಲ, ತಿಂಡಿಗೂ ಬೇರೆ ಕಂಪನಿ ಇತ್ತು. ದಕ್ಷಿಣ ಕಟ್ಟೆಯಲ್ಲಿ ನಮ್ಮವರು ಯಾವತ್ತೂ ನಿಂತೇ ಆಟ ನೋಡಿದವರು. ಅಲ್ಲಿ ಈಗ ಕುರ್ಚಿ ಕೂರಿಸಿದರು, ಜಾಗ ಅರ್ಧವಾಯಿತು, ಟಿಕೆಟ್ಟು ಇಮ್ಮಡಿಯಾಯಿತು. ಅಪ್ಪನ ಹೆಗಲ ಮೇಲೆ ಕೂತು ಮೊದಲ ಆಟ ನೋಡಿದವರೆಲ್ಲ ಈಗ ನಂಬರಿನ ಕುರ್ಚಿ ಹುಡುಕಿಕೊಂಡು ಕೂರಬೇಕು. ಕೆಲವರಿಗೆ ಅದೂ ಸಿಗಲಿಲ್ಲ.

ಆಮೇಲೆ ಸೆಲೀನ್ ಮಹಡಿ ಹತ್ತಿ ನನ್ನ ಮೈಕಿನ ಕೋಣೆಗೆ ಬಂದು ಒಂದು ಹಾಳೆ ಕೊಟ್ಟಳು.

"ಮೇಡಂ, ಪಂದ್ಯದ ದಿನ ನೀವು ಇದನ್ನ ಮಾತ್ರ ಓದ್ಬೇಕು. ಗೋಲಾದ್ರೆ ಪೂರ್ತಿ ಹೆಸ್ರು, ಎಷ್ಟನೇ ನಿಮಿಷ, ಅಷ್ಟೇ."

"ಅಷ್ಟೇನಾ? ಜನ ಏನ್ ಮಾಡ್ಬೇಕು?"

"ಅವರು ಖುಷಿ ಪಡಬಹುದು."

"ಹೋ, ಅದಕ್ಕೆ ಪರ್ಮಿಶನ್ ಇದೆಯಾ! ದೊಡ್ಡ ಮನಸ್ಸು ನಿಮ್ದು."

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. "ಎಲ್ಲಾ ಮೈದಾನದಲ್ಲೂ ಒಂದೇ ಥರ ಇರ್ಬೇಕು ಮೇಡಂ. ಟೀವೀಲಿ ನೋಡೋರಿಗೆ ಎಲ್ಲಿದೀವಿ ಅಂತ ಗಲಿಬಿಲಿ ಆಗ್ಬಾರ್ದು," ಎಂದಳು. ಎಲ್ಲಿದ್ದೇವೆ ಎಂದು ಗೊತ್ತಾಗುವುದೇ ಗಲಿಬಿಲಿ ಎಂದು ನಾನು ಆ ದಿನ ಕಲಿತೆ. ತಪ್ಪಿದರೆ ದಂಡ ಕ್ಲಬ್ಬಿನ ಮೇಲೆ ಬೀಳುತ್ತದೆ, ನನ್ನ ಮೇಲಲ್ಲ. ನನ್ನ ಮೇಲೆ ಬೀಳುವುದಾಗಿದ್ದರೆ ಕತೆಯೇ ಬೇರೆ ಇತ್ತು.

ಪಂದ್ಯ ಬಂತು. ಎದುರಾಳಿಗಳು ಪೋರ್ಚುಗಲ್ಲಿನವರು, ಅವರ ಒಬ್ಬ ಗೋಲ್‌ಕೀಪರನ ಬೆಲೆಗೆ ನಮ್ಮ ಊರನ್ನೇ ಕೊಳ್ಳಬಹುದಿತ್ತು. ನಮ್ಮ ಹುಡುಗರು ಮೊದಲರ್ಧದಲ್ಲಿ ಹೆದರಿ ಮುದುರಿದ್ದರು. ಎರಡನೆಯ ಅರ್ಧದಲ್ಲಿ ಓಕ್ತಾಯ್ ದುರ್ಮಾಜ್, ನಮ್ಮ ಪೋಸ್ಟ್ ಆಫೀಸಿನ ಹಿಂದಿನ ಬೀದಿಯ ಹುಡುಗ, ಮೂವರನ್ನು ದಾಟಿ ಎಡಗಾಲಲ್ಲಿ ಬಾರಿಸಿದ. ಚೆಂಡು ಬಲೆಯೊಳಗೆ! ನನ್ನ ಹೊಟ್ಟೆಯಿಂದ "ಓಕ್ತಾಯ್" ಎದ್ದು ಗಂಟಲಿಗೆ ಬಂದಿತ್ತು. ಪಕ್ಕದಲ್ಲಿ ಸೆಲೀನ್ ಕಡೆಯ ಒಬ್ಬ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತಿದ್ದ. ನಾನು ಹಾಳೆ ನೋಡಿ ಓದಿದೆ: "ಗೋಲು. ಓಕ್ತಾಯ್ ದುರ್ಮಾಜ್. ಅರವತ್ತೆಂಟನೇ ನಿಮಿಷ." ರೈಲು ತಡವಾಗಿದೆ ಎಂದು ಹೇಳುವವರೂ ಅದಕ್ಕಿಂತ ಪ್ರೀತಿಯಿಂದ ಹೇಳುತ್ತಾರೆ.

ಕೂಗಿಗೆ ಕಾದಿದ್ದ ಜನ ನನ್ನ ಕೋಣೆಯ ಕಡೆ ತಲೆಯೆತ್ತಿ ನೋಡಿದರು. ನನಗೆ ಸತ್ತು ಹೋಗಲೇ ಅನ್ನಿಸಿತು. ಆಗ ದಕ್ಷಿಣ ಕಟ್ಟೆಯ ಕೆಳಗಿನ ಸಾಲಿನಿಂದ ಒಂದು ಒಡಕು ದನಿ ಎದ್ದಿತು. ಟ್ರೂಡೆ! ಸೂಪಿಲ್ಲ, ಮೈಕಿಲ್ಲ, ಕುರ್ಚಿಯ ಮೇಲೆ ಹತ್ತಿ ನಿಂತು "ಓಕ್ತಾಯ್!" ಎಂದು ಕಿರುಚಿದಳು. ಸುತ್ತಲಿನವರು "ದುರ್ಮಾಜ್!" ಎಂದರು. ಎರಡನೆಯ "ಓಕ್ತಾಯ್" ಅನ್ನು ಇಡೀ ಸಾಲು ಕೂಗಿತು, ಮೂರನೆಯದನ್ನು ಅರ್ಧ ಮೈದಾನ. ಕುರ್ಚಿ ಬಿಟ್ಟು ಎಲ್ಲರೂ ಎದ್ದು ನಿಂತಿದ್ದರು. ಪೋರ್ಚುಗಲ್ಲಿನ ಆಟಗಾರರು ಕೂಡ ತಿರುಗಿ ನೋಡಿದರು. ಪಕ್ಕದವನು ಕಿವಿಯ ಯಂತ್ರದಲ್ಲಿ ಯಾರಿಗೋ "ನಮ್ಮಿಂದಲ್ಲ, ಜನರಿಂದ, ಜನರಿಂದ" ಎಂದು ಗೋಗರೆಯುತ್ತಿದ್ದ. ನಾನು ಮೈಕು ಆರಿಸಿ ಬಿಕ್ಕಿ ಬಿಕ್ಕಿ ಅತ್ತೆ. ಅಷ್ಟು ಹೆಮ್ಮೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ.

ಪಂದ್ಯ ಒಂದು-ಒಂದರಲ್ಲಿ ಮುಗಿಯಿತು. ಮುಂದಿನ ಪಂದ್ಯಗಳಲ್ಲಿ ನಮ್ಮವರು ಒಂದು ಗೆದ್ದು ಉಳಿದದ್ದು ಸೋತು ಗುಂಪಿನ ಹಂತದಲ್ಲೇ ಹೊರಬಿದ್ದರು. ನಮಗೇನೂ ಬೇಸರವಾಗಲಿಲ್ಲ. ಹಾಲ್ಟರ್‌ಬೆಕ್ ಎಲ್ಲಿದೆ ಎಂದು ಮಿಲಾನಿನವರು ನಕ್ಷೆ ತೆಗೆದು ಹುಡುಕಿದರಲ್ಲ, ಸಾಕು. ಆದರೆ ವಿನ್‌ಫ್ರೀಡ್‌ಗೆ ಸಾಕಾಗಲಿಲ್ಲ. ಆ ದೊಡ್ಡ ಕ್ಲಬ್ಬುಗಳ ಅಧ್ಯಕ್ಷರ ಜೊತೆ ಬಿಳಿ ಮೇಜುಬಟ್ಟೆಯ ಮೇಲೆ ಊಟ ಮಾಡಿ ಬಂದಿದ್ದ. ಅವರೊಂದು ವರ್ಷಕ್ಕೆ ಈ ಪಂದ್ಯಾವಳಿಯಲ್ಲಿ ಗಳಿಸುವುದನ್ನು ನಾವು ಹತ್ತು ವರ್ಷ ಬೆವರು ಸುರಿಸಿದರೂ ಗಳಿಸಲಾರೆವು. ಆ ಹಣದಿಂದ ಅವರು ಇನ್ನೂ ದೊಡ್ಡವರಾಗಿ ಮುಂದಿನ ವರ್ಷವೂ ಅಲ್ಲೇ ಇರುತ್ತಾರೆ. ಇದನ್ನು ನೋಡಿ ಬಂದ ಮೇಲೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

ವಸಂತದಲ್ಲಿ ಒಂದು ಮಧ್ಯಾಹ್ನ ನನ್ನ ಅಡುಗೆಮನೆಗೆ ಬಂದ. ಪ್ಲಮ್ ಕೇಕು ಮುಂದಿಟ್ಟೆ, ಮುಟ್ಟಲಿಲ್ಲ. ವಿನ್‌ಫ್ರೀಡ್ ಕೇಕು ಮುಟ್ಟಲಿಲ್ಲ ಅಂದರೆ ವಿಷಯ ದೊಡ್ಡದೆಂದು ಗೊತ್ತಾಯಿತು.

"ಮಾರ್ಲೀಸ್, ಒಬ್ರು ಬಂದಿದಾರೆ. ಲಂಡನ್ನಿನ ಹೂಡಿಕೆ ಕಂಪನಿ. ಅರ್ಧಕ್ಕೆ ಒಂದು ಕೂದಲು ಕಮ್ಮಿ ಪಾಲು ಕೇಳ್ತಿದಾರೆ. ಬಾಕಿ ನಮ್ದೇ."

"ಅರ್ಧಕ್ಕೆ ಕಮ್ಮಿ ಪಾಲಿಗೆ ಯಾರಾದ್ರೂ ಅಷ್ಟು ದುಡ್ಡು ಸುರೀತಾರಾ? ಇನ್ನೇನ್ ಕೇಳಿದಾರೆ, ಬೊಗಳು."

ಅವನು ಮೇಜುಬಟ್ಟೆಯ ಅಂಚನ್ನು ತಿರುವುತ್ತ ಹೇಳಿದ. "ಟಿಕೆಟ್ ಬೆಲೆ, ಮೈದಾನದ ಹೆಸ್ರು, ಕಟ್ಟೆ ಮೇಲೆ ನಿಲ್ಲೋದು ಕೂರೋದು, ಇವಕ್ಕೆಲ್ಲ ಅವರ ಒಪ್ಪಿಗೆ ಬೇಕು."

"ಅಂದ್ರೆ ಓಟು ನಮ್ದು, ಮಾತು ಅವರ್ದು."

"ಹಂಗಲ್ಲ ಕಣೇ. ಯೂರೋಪಲ್ಲಿ ಒಂದೇ ಒಂದು ವರ್ಷ ಮುಖ ತೋರಿಸಿ ಸಾಯೋದಕ್ಕಾ ನಾವು ಹುಟ್ಟಿರೋದು? ದುಡ್ಡು ಬರ್ಲಿಲ್ಲ ಅಂದ್ರೆ ಓಕ್ತಾಯ್‌ನ ಮಾರ್ಬೇಕಾಗತ್ತೆ. ಇದು ಬೆದರಿಕೆ ಅಲ್ಲ, ಇರೋದನ್ನೇ ಹೇಳ್ತಿದೀನಿ."

ಸುಳ್ಳು ಹೇಳುತ್ತಿರಲಿಲ್ಲ. ವಿನ್‌ಫ್ರೀಡ್ ಸುಳ್ಳು ಹೇಳಿದರೆ ಅವನ ಕಿವಿ ಕೆಂಪಾಗುತ್ತದೆ, ಅವತ್ತು ಆಗಿರಲಿಲ್ಲ. ಕ್ಲಬ್ಬಿನ ನಿಯಮದಂತೆ ಇಂಥ ಮಾರಾಟಕ್ಕೆ ಸಭೆಗೆ ಬಂದ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಕೈಯೆತ್ತಬೇಕು. ಸಭೆಯಲ್ಲಿ ನಿರ್ಣಯ ಓದುವವಳು ನಾನು. ಅದೂ ನಮ್ಮ ಪದ್ಧತಿ, ಮೈದಾನದ ಮೈಕು ಹಿಡಿದವರೇ ಸಭೆಯ ಮೈಕೂ ಹಿಡಿಯುತ್ತಾರೆ.

"ನೀನು ಚೆನ್ನಾಗಿ ಓದ್ಬೇಕು," ಎಂದ. "ನಿನ್ನ ಬಾಯಲ್ಲಿ ಬಂದ್ರೆ ಜನ ನಂಬ್ತಾರೆ. ಆಮೇಲೆ ಇನ್ನೊಂದು ವಿಷ್ಯ. ಮೈಕು ನಿನಗೇ, ನೀನಾಗಿ ಸಾಕು ಅನ್ನೋವರೆಗೂ. ಅದನ್ನ ಕರಾರಲ್ಲೇ ಹಾಕ್ತಾರಂತೆ."

"ಹಾಕ್ದೆ ಇದ್ರೆ?"

"ಅವರ ಹತ್ರ ತಮ್ಮದೇ ಜನ ಇದಾರೆ ಮಾರ್ಲೀಸ್. ಎಲ್ಲಾ ಕಡೆ ಮೈಕು ಹಿಡಿಯೋದು ಅವರೇ."

ಅವನು ಹೋದ ಮೇಲೆ ನಾನು ಕೇಕು ಪೂರ್ತಿ ತಿಂದೆ, ಸಿಟ್ಟಿಗೆ. ಆಸೆಯಾಗಲಿಲ್ಲ ಅನ್ನುವುದಿಲ್ಲ. ಗಂಡನಿಲ್ಲ, ಮಕ್ಕಳಿಲ್ಲ, ಟ್ರಾಮ್ ಕಚೇರಿಯ ಕೆಲಸದಿಂದ ನಿವೃತ್ತಿಯಾಯಿತು. ಆ ಮೈಕು ಬಿಟ್ಟರೆ ಶನಿವಾರ ನನಗೆ ಹೋಗಲು ಒಂದು ಜಾಗವಿಲ್ಲ. ಅದನ್ನು ಸಾಯುವವರೆಗೂ ನಿನ್ನದು ಎಂದು ಬರೆದುಕೊಡುತ್ತೇವೆ ಅಂದರೆ ಯಾರ ಮನಸ್ಸು ಜಾರುವುದಿಲ್ಲ, ಹೇಳಿ. ವಾರವೆಲ್ಲ ನಾನು ಆ ನಿರ್ಣಯವನ್ನು ಕನ್ನಡಿಯ ಮುಂದೆ ಚೆನ್ನಾಗಿ ಓದುವುದನ್ನು ಅಭ್ಯಾಸ ಮಾಡಿದೆ. ಹೌದು, ಮಾಡಿದೆ.

ಸಭೆ ಭಾನುವಾರ, ಐಸ್-ಹಾಕಿ ಪಂದ್ಯ ನಡೆಯುವ ದೊಡ್ಡ ಒಳಾಂಗಣದಲ್ಲಿ. ಐಸಿನ ಮೇಲೆ ಹಲಗೆ ಹಾಸಿದ್ದರು, ಕೆಳಗಿನಿಂದ ಶೀತ ಏರಿ ಎಲ್ಲರ ಮೊಣಕಾಲು ಹಿಡಿಯುತ್ತಿತ್ತು. ಜನ ಹಸಿರು-ಕಪ್ಪು ಶಾಲು ಸುತ್ತಿಕೊಂಡು ತುಂಬಿದ್ದರು. ಟ್ರೂಡೆ ಹಿಂದುಗಡೆ ಟೇಪು ಕಿತ್ತ ಪಾತ್ರೆಯಲ್ಲಿ ಸೂಪು ಬಡಿಸುತ್ತಿದ್ದಳು. ವೇದಿಕೆಯ ಮೇಲೆ ವಿನ್‌ಫ್ರೀಡ್, ನಿಯಮ ನೋಡಿಕೊಳ್ಳುವ ಕಾರ್ಯದರ್ಶಿ ಹೆನಿಂಗ್, ನಾನು ಮತ್ತು ಲಂಡನ್ನಿನಿಂದ ಬಂದ ಕಾಲ್ಡರ್ ಎಂಬುವರು.

ಕಾಲ್ಡರ್ ಒಳ್ಳೆಯ ಎತ್ತರದ ಮನುಷ್ಯ, ನಮ್ಮ ಭಾಷೆಯನ್ನು ಕಷ್ಟಪಟ್ಟು ಕಲಿತು ಬಂದಿದ್ದರು. ಬರೆದುಕೊಂಡ ಭಾಷಣ ಓದಿದರು. ಗೌರವ, ಪರಂಪರೆ, ಭವಿಷ್ಯ. ಒಬ್ಬರೂ ಬೈಯಲಿಲ್ಲ, ಒಬ್ಬರೂ ಚಪ್ಪಾಳೆ ಹೊಡೆಯಲಿಲ್ಲ. ಸುತ್ತಲೂ ನೋಡಿದೆ. ಓಕ್ತಾಯ್‌ನ ಹೆಸರು ಬಂದಾಗ ಬಹಳ ಜನ ತಲೆಯಾಡಿಸಿದ್ದರು. ಗೆಲ್ಲುವ ಹಾಗೇ ಇತ್ತು. ನನ್ನ ಓದು ಚೆನ್ನಾಗಿದ್ದರೆ ಖಂಡಿತ ಗೆಲ್ಲುತ್ತಿತ್ತು.

ಭಾಷಣ ಮುಗಿಸಿ ಅವರು ಮೈಕಿಗೆ ಬಾಗಿ, ಎದೆಯ ಮೇಲೆ ಕೈಯಿಟ್ಟು, ಜೋರಾಗಿ "ಥ್ಯಾಂಕ್ಸ್!" ಎಂದರು.

"ಇರ್ಲಿ ಬಿಡಿ!"

ಇಡೀ ಸಭೆ! ಐಸಿನ ಹಲಗೆ ಅದುರಿತು. ಕೂಗಿದವರೇ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬೆಪ್ಪಾದರು. ವಿರೋಧಿಸಲೆಂದೇ ಬಂದವರೂ ಕೂಗಿದ್ದರು, ಮೈಕಿನ ಪಕ್ಕ ಕೂತ ನಾನೂ ಕೂಗಿದ್ದೆ. ಏನು ಮಾಡುವುದು, ಅದು ತಾನಾಗಿ ಬರುತ್ತದೆ. ಆದರೆ ಪಾಪ ಕಾಲ್ಡರ್‌ಗೆ ಇದೇನು ಗೊತ್ತು! ಜನ ತಮ್ಮನ್ನು ಎದೆಗಪ್ಪಿಕೊಂಡರು ಎಂದುಕೊಂಡರು. ಅವರ ಕಣ್ಣು ಒದ್ದೆಯಾಯಿತು. ಬರೆದ ಹಾಳೆಯನ್ನು ಜೇಬಿಗಿಟ್ಟು ಮೈಕನ್ನು ಮತ್ತೆ ಹಿಡಿದರು. ವಿನ್‌ಫ್ರೀಡ್ ಅವರ ಕೋಟಿನ ಅಂಚು ಎಳೆದ. ಅವರಿಗೆ ಗೊತ್ತೇ ಆಗಲಿಲ್ಲ.

"ಇದು! ಇದಕ್ಕೇ ನಾನು ಬಂದಿರೋದು!" ಎಂದರು. "ನಿಮ್ಮ ಆಟಗಾರರಿಗೆ ಬೆಲೆ ಇದೆ, ನಿಜ. ಆದ್ರೆ ನಿಜವಾದ ಬೆಲೆ ಇರೋದು ಈ ಕೂಗಿಗೆ. ಪೋರ್ಚುಗಲ್ ಪಂದ್ಯದಲ್ಲಿ ಒಬ್ಬ ಅಜ್ಜಿ ಕುರ್ಚಿ ಹತ್ತಿ ಕೂಗಿದ್ರಲ್ಲ, ನಮ್ಮ ಕಚೇರೀಲಿ ಎಲ್ರೂ ಅದನ್ನ ನೋಡಿದ್ವಿ. ನಾನು ಅವತ್ತೇ ಹೇಳ್ದೆ, ಇದನ್ನ ಕೊಂಡ್ಕೋಬೇಕು ಅಂತ. ನೀವು ಕೂಗಿ. ನಾವು ಅದನ್ನ ಜಗತ್ತಿಗೆಲ್ಲ ಮಾರ್ತೀವಿ!"

ಹಿಂದುಗಡೆ ಸೌಟು ಪಾತ್ರೆಗೆ ಬಡಿದ ಸದ್ದಾಯಿತು.

"ಯಾರನ್ನಯ್ಯಾ ಅಜ್ಜಿ ಅಂದಿದ್ದು?" ಎಂದಳು ಟ್ರೂಡೆ.

ನಗು ಉಕ್ಕಿತು, ಆದರೆ ಅದು ಟೇಪಿನ ದಿನದ ನಗೆಯಾಗಿರಲಿಲ್ಲ. ಟ್ರೂಡೆ ಸೌಟು ಹಿಡಿದುಕೊಂಡೇ ನಡುದಾರಿಯಲ್ಲಿ ಮುಂದೆ ಬಂದಳು. "ನಾನವತ್ತು ಕೂಗಿದ್ದು ಯಾಕೆ ಗೊತ್ತೇನ್ರೀ? ಈ ಮಾರ್ಲೀಸ್ ಬಾಯಿ ಕಟ್ಟಿದ್ರು ಅಂತ. ನಿಮ್ಮಂಥೋರೇ ಕಟ್ಟಿದ್ದು. ಮೊದ್ಲು ಬಾಯಿಗೆ ಟೇಪ್ ಹಚ್ಚೋದೂ ನೀವೇ, ಆಮೇಲೆ ಟೇಪ್ ಹರ್ಕೊಂಡು ಕೂಗಿದ್ರೆ ಅದನ್ನ ಮಾರೋದೂ ನೀವೇನಾ?"

ಕಾಲ್ಡರ್ ಮುಖ ಪೆಚ್ಚಾಯಿತು. ಕೆಟ್ಟ ಮನುಷ್ಯನಲ್ಲ, ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ವಿನ್‌ಫ್ರೀಡ್ ನನ್ನ ಕಡೆ ತಿರುಗಿ ತುಟಿಯಲ್ಲೇ "ಓದು, ಬೇಗ ಓದು" ಎಂದ. ನಾನು ಎದ್ದೆ. ನಿರ್ಣಯವನ್ನು ಓದಿದೆ. ಕನ್ನಡಿಯ ಮುಂದೆ ಕಲಿತ ಹಾಗೂ ಅಲ್ಲ, ಸೆಲೀನ್‌ಳ ಹಾಳೆ ಓದಿದ ಹಾಗೂ ಅಲ್ಲ. ಒಂದೊಂದು ಮಾತೂ ಹಿಂದಿನ ಸಾಲಿಗೆ ಮುಟ್ಟುವ ಹಾಗೆ, ನೆಟ್ಟಗೆ ಓದಿದೆ. ಟಿಕೆಟ್ ಬೆಲೆಗೆ ಅವರ ಒಪ್ಪಿಗೆ. ಮೈದಾನದ ಹೆಸರಿಗೆ ಅವರ ಒಪ್ಪಿಗೆ. ಕೊನೆಯಲ್ಲಿ ನನ್ನ ಮೈಕಿನ ಸಾಲೂ ಇತ್ತು, ಅದನ್ನೂ ಬಿಡದೆ ಓದಿದೆ. ಓದುತ್ತಿರುವಾಗ ನನ್ನ ಮುಖ ಕಾದ ಹಂಚಾಗಿತ್ತು. "ಇದು ನನಗೆ ಕೊಡ್ತೀವಿ ಅಂದಿರೋ ಲಂಚ. ನಿಮಗೆ ಗೊತ್ತಿರ್ಲಿ," ಎಂದೂ ಸೇರಿಸಿದೆ. ಹೆನಿಂಗ್ ಕೆಮ್ಮಿದರು. ಕೆಮ್ಮಲಿ.

ಓಟಿನ ಕಾರ್ಡುಗಳು ಎದ್ದವು. ಪರವಾಗಿ ಬಹಳ ಎದ್ದವು, ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು. ಗೆಲ್ಲಬೇಕು, ಯೂರೋಪಿನಲ್ಲಿ ಮತ್ತೆ ಆಡಬೇಕು ಎಂಬ ಆಸೆ ಯಾರಿಗಿಲ್ಲ? ಅವರನ್ನು ನಾನು ಬೈಯಲಾರೆ. ಆಮೇಲೆ ವಿರೋಧದ ಸರದಿ. ವೇದಿಕೆಯ ಮೇಲೆ ಕೂರುವ ನಾನು ಅಲ್ಲಿಯವರೆಗೆ ಯಾವ ಸಭೆಯಲ್ಲೂ ಎಲ್ಲರೆದುರು ಓಟು ತೋರಿಸಿದವಳಲ್ಲ. ಅವತ್ತು ನನ್ನ ಕಾರ್ಡನ್ನು ತಲೆಯ ಮೇಲೆ ಎತ್ತಿ ಹಿಡಿದೆ. ವಿನ್‌ಫ್ರೀಡ್ ಅದನ್ನು ನೋಡಿದ. ಅಷ್ಟು ವರ್ಷದ ಗೆಳೆತನದಲ್ಲಿ ಅವನು ನನ್ನನ್ನು ಹಾಗೆ ನೋಡಿರಲಿಲ್ಲ.

ಎಣಿಸಿ ಚೀಟಿ ಕೊಟ್ಟರು. ಅರ್ಧಕ್ಕಿಂತ ಹೆಚ್ಚು ಜನ ಮಾರಾಟಕ್ಕೆ ಒಪ್ಪಿದ್ದರು, ಆದರೆ ನಾಲ್ಕರಲ್ಲಿ ಮೂರು ಪಾಲಿಗೆ ಸಾಲದೆ ಹೋಯಿತು. "ನಿರ್ಣಯ ಬಿದ್ದುಹೋಗಿದೆ," ಎಂದು ನಾನು ಓದಿದೆ. ದಕ್ಷಿಣ ಕಟ್ಟೆಯವರು ಶಾಲು ಬೀಸಿ ಹಾಡಿದರು. ಉಳಿದವರು ಸುಮ್ಮನೆ ಕೂತಿದ್ದರು. ಕಾಲ್ಡರ್ ನನ್ನ ಕೈ ಕುಲುಕಿ, ತಲೆ ಅಲ್ಲಾಡಿಸುತ್ತ ಹೊರಟುಹೋದರು.

ಮುಂದಿನ ವಿಷಯ ಅಧ್ಯಕ್ಷರ ಚುನಾವಣೆ. ವಿನ್‌ಫ್ರೀಡ್ ಒಬ್ಬನೇ ಅಭ್ಯರ್ಥಿ. ಅವನು ಎದ್ದು ಕೋಟಿನ ಮೇಲಿನ ಕ್ಲಬ್ಬಿನ ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟ.

"ನನ್ನ ಕೈಲಿ ಆಗಲ್ಲ. ದುಡ್ಡಿಲ್ದೆ ಹೆಂಗೆ ನಡೆಸೋದು ಅಂತ ನನಗೆ ಗೊತ್ತಿಲ್ಲ," ಎಂದ. ಆಮೇಲೆ ನನ್ನ ಕಡೆ ಬೆರಳು ತೋರಿಸಿದ. "ಇವಳಿಗೆ ಬಾಯಿದೆ. ಇವಳೇ ನಡೆಸ್ಲಿ."

"ಏಯ್, ಕುಟುಕ್ಬೇಡ ಕಣೋ," ಎಂದೆ.

"ಕುಟುಕ್ತಿಲ್ಲ. ಹೆಸ್ರು ಸೂಚಿಸ್ತಿದೀನಿ. ಬರ್ಕೊಳಿ ಹೆನಿಂಗ್, ಮಾರ್ಲೀಸ್ ಕೊಸ್ಲೊವ್ಸ್ಕಿ."

ಅವನ ಕಿವಿ ನೋಡಿದೆ. ಕೆಂಪಾಗಿರಲಿಲ್ಲ. ಸಭೆಯ ನಾಲ್ಕೂ ಮೂಲೆಯಿಂದ "ಮಾರ್ಲೀಸಕ್ಕಾ, ಹ್ಞೂಂ ಅನ್ನು!" ಎಂದು ಶುರುವಾಯಿತು. ಹೆನಿಂಗ್ ಕನ್ನಡಕ ಏರಿಸಿಕೊಂಡು ಕೈಯೆತ್ತಿದರು.

"ಒಂದ್ನಿಮಿಷ. ಅಧ್ಯಕ್ಷರಾದೋರು ಮೈಕು ಹಿಡಿಯೋ ಹಾಗಿಲ್ಲ. ನಮ್ಮಪ್ಪನ ಕಾಲದಲ್ಲಿ ಒಬ್ಬ ಅಧ್ಯಕ್ಷ ಪಂದ್ಯದ ಮಧ್ಯೆ ಮೈಕಲ್ಲಿ ರೆಫ್ರೀನ ಕತ್ತೆ ಅಂದಿದ್ದ. ಅವತ್ತೇ ನಿಯಮ ಮಾಡಿದ್ರು. ಒಪ್ಕೊಂಡ್ರೆ ಮೈಕು ಬಿಡ್ಬೇಕು, ಇವತ್ತೇ."

ನಾನು ಕೈಯಲ್ಲಿದ್ದ ಮೈಕನ್ನು ನೋಡಿದೆ. ಮಾರಲು ಒಪ್ಪದೆ ಉಳಿಸಿಕೊಂಡೆ ಎಂದು ಈಗ ತಾನೇ ಒಳಗೊಳಗೇ ಬೀಗುತ್ತಿದ್ದೆ. ಇಲ್ಲ ಅಂದಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಆದರೆ ಬೇಡ ಎಂದು ಕಾರ್ಡೆತ್ತಿದವಳು ನಾನು. ಬೇಡ ಅಂದ ಮೇಲೆ ಬೇಕಾದ್ದನ್ನು ಮಾಡುವವರು ಯಾರು? ಬೇರೆ ಯಾರನ್ನಾದರೂ ಮುಂದೆ ತಳ್ಳಿ ನಾನು ಮಹಡಿಯ ಕೋಣೆಯಲ್ಲಿ ಬೆಚ್ಚಗೆ ಕೂತು ಕೂಗುವುದು ನನಗೇ ಅಸಹ್ಯವಾಯಿತು. ಅಳು ಬಂತು, ನುಂಗಿದೆ.

"ಹ್ಞೂಂ," ಎಂದೆ.

ಕಾರ್ಡುಗಳು ಎದ್ದವು. ಈ ಸಲ ಎಣಿಸಬೇಕಾಗಲಿಲ್ಲ. ನಾನು ಮೈಕಿನ ಗುಂಡಿ ಆರಿಸಿ ಹೆನಿಂಗ್ ಕೈಗೆ ಕೊಟ್ಟೆ. ಬರಿಗೈಯಲ್ಲಿ ನಿಂತಾಗ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ವೇದಿಕೆಯ ಅಂಚಿಗೆ ಬಂದೆ.

"ಹಿಂದಿನೋರಿಗೆ ಕೇಳಿಸ್ತಿದೆಯಾ?"

"ಕೇಳಿಸ್ತಿದೆ, ಮಾತಾಡು," ಎಂದರು ಹಿಂದಿನವರು.

"ಹಾಗಾದ್ರೆ ಮೊದಲ್ನೇ ಮಾತು. ಓಕ್ತಾಯ್‌ನ ಮಾರ್ಬೇಕಾಗತ್ತೆ. ವಿನ್‌ಫ್ರೀಡ್ ಸುಳ್ಳು ಹೇಳಿಲ್ಲ. ನಾಳೆ ಅವನ ಮನೆಗೆ ನಾನೇ ಹೋಗಿ ಹೇಳ್ತೀನಿ. ಮುಂದಿನ ವರ್ಷ ಸೋಲ್ತೀವಿ, ಚೆನ್ನಾಗೇ ಸೋಲ್ತೀವಿ. ಬೈಯೋದಿದ್ರೆ ನನಗೆ ಬೈಯಿರಿ. ಇಷ್ಟ ಇಲ್ದಿರೋರು ಈಗ್ಲೇ ಎದ್ದು ಹೋಗ್ಬಹುದು, ನಾನು ಬೇಜಾರ್ ಮಾಡ್ಕೊಳಲ್ಲ."

ಯಾರೂ ಏಳಲಿಲ್ಲ. ಪರವಾಗಿ ಕೈಯೆತ್ತಿದವರೂ ಏಳಲಿಲ್ಲ. ಕೆಳಗಿನಿಂದ ಶೀತ ಏರುತ್ತಿತ್ತು, ಜನ ಶಾಲು ಬಿಗಿ ಮಾಡಿಕೊಂಡು ಅಲ್ಲೇ ಕೂತಿದ್ದರು. ವಿನ್‌ಫ್ರೀಡ್ ಮಾತ್ರ ವೇದಿಕೆಯಿಂದ ಇಳಿದ. ಬಾಗಿಲ ಕಡೆ ಹೋಗುತ್ತಾನೆ ಎಂದುಕೊಂಡೆ. ಅವನು ಎರಡನೆಯ ಸಾಲಿನಲ್ಲಿ ಒಂದು ಖಾಲಿ ಕುರ್ಚಿ ಹುಡುಕಿ, ಪಕ್ಕದವರನ್ನು ಸ್ವಲ್ಪ ಸರಿಸಿ, ಕೂತ. ಆಮೇಲೆ ಓಟಿನ ಕಾರ್ಡನ್ನು ಎತ್ತಿ ಹಿಡಿದ, ಮಾತಾಡಲು ಅವಕಾಶ ಕೇಳುವ ಯಾವುದೇ ಸದಸ್ಯನ ಹಾಗೆ.

"ಅಧ್ಯಕ್ಷರೇ, ಒಂದು ಪ್ರಶ್ನೆ."

"ಕೇಳಪ್ಪಾ," ಎಂದೆ.